ಪ್ರತಿಕ್ರಿಯೆ: ಅಫಿಡವಿಟ್‌ನಲ್ಲಿ ಹಳೆ ಹೆಸರಿಗೆ ಯಾವ ಇಂಗ್ಲಿಷ್ ಪದ?

ಮದುವೆ ನಂತರದ ಹೆಸರಿಗಾಗಿ ಕೊಟ್ಟ ಅಫಿಡವಿಟ್ ಕಚೇರಿಯಿಂದ ವಾಪಸ್ ಬಂತು, ಹಳೆ ಹೆಸರಿಗೆ ಯಾವ ಪದ ಹಾಕಲಿ ಅಂತ ಕೇಳಿದ್ದೀರಿ. ವಾಪಸ್ ಬಂದದ್ದಕ್ಕೆ ಬಹುಶಃ ನೀವು ಹಾಕಿರುವ ‘ಅಲಿಯಾಸ್’ ಪದವೇ ಕಾರಣ. ಅಲಿಯಾಸ್ ಅಂದರೆ ಎರಡೂ ಹೆಸರು ಈಗಲೂ ಬಳಕೆಯಲ್ಲಿವೆ ಎಂದಾಗುತ್ತದೆ. ಪೊಲೀಸ್ ಕೇಸಿನ ವಾಸನೆ ಬೇರೆ! ನಿಮ್ಮದು ಬಿಟ್ಟ ಹೆಸರು ಅಲ್ವಾ, ಅದಕ್ಕೆ ‘ಫಾರ್ಮರ್ಲಿ ನೋನ್ ಆಸ್’ ಬೇಕು. ಮಡಿಕೇರಿ, ಫಾರ್ಮರ್ಲಿ ನೋನ್ ಆಸ್ ಮರ್ಕೆರಾ ಅಂದ ಹಾಗೆ.

ಮೊದಲು ಮಾರ್ಕ್ಸ್ ಕಾರ್ಡ್ ತೆಗೆದಿಟ್ಟುಕೊಳ್ಳಿ. ಹಳೆ ಹೆಸರನ್ನು ಅದರಲ್ಲಿರುವಂತೆಯೇ, ಒಂದಕ್ಷರ ಬದಲಿಸದೆ ಇಳಿಸಿ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಎಷ್ಟೋ ಸಲ ಬರೀ ಇನಿಷಿಯಲ್ ಆಗಿ. ಅದನ್ನು ಸುಮ್ನೆ ಬಿಡಿಸಿ ಬರೆಯಬೇಡಿ. ನನ್ನ ಅರ್ಜಿ ಸಿಕ್ಕಿಬಿದ್ದದ್ದು ಅಲ್ಲೇ.

ಆಮೇಲೆ ವಾಕ್ಯ ಹೀಗಿರಲಿ: ‘ಐ, ಹೊಸ ಹೆಸರು, ಫಾರ್ಮರ್ಲಿ ನೋನ್ ಆಸ್ ಹಳೆ ಹೆಸರು, ಷಲ್ ಹೆನ್ಸ್‌ಫೋರ್ತ್ ಬಿ ನೋನ್ ಆಸ್ ಹೊಸ ಹೆಸರು.’ ಅದರ ಕೆಳಗೆ ‘ಬೋತ್ ದ ನೇಮ್ಸ್ ರೆಫರ್ ಟು ಒನ್ ಅಂಡ್ ದ ಸೇಮ್ ಪರ್ಸನ್’ ಸೇರಿಸಿ. ಕೌಂಟರಿನವರು ಹುಡುಕುವುದು ಜಾಸ್ತಿ ಇದನ್ನೇ.

ಪತ್ರಿಕೆಯಲ್ಲಿ ಜಾಹೀರಾತು ಬೇಕೇ ಎಂಬುದು ಕಚೇರಿಯಿಂದ ಕಚೇರಿಗೆ ಬೇರೆಯಾಗಬಹುದು. ನೋಟರಿ ಹತ್ತಿರ ಹೋಗುವ ಮೊದಲೇ, ಅರ್ಜಿ ವಾಪಸ್ ಮಾಡಿದವರಿಗೆ ಈ ಕರಡು ತೋರಿಸಿ ಕೇಳಿಬಿಡಿ.