ಪೂಜಾಪಾತ್ರೆಗಳಿಗೆ ಚಿನ್ನ ಬಂದದ್ದು ಯಾವಾಗ?

ಪ್ರಶ್ನೆ: ಬೇಳದ ಇಗರ್ಜಿಯಲ್ಲಿ ಗೆಳೆಯರೊಬ್ಬರ ಮದುವೆಗೆ ಹೋಗಿದ್ದಾಗ ಬಲಿಪೀಠದ ಮೇಲೆ ಚಿನ್ನದ ಹೊಳಪಿನ ಪಾನಪಾತ್ರೆಯನ್ನು ಕಂಡೆ. ಬಡವರ ನಡುವೆ ಬಾಳಿದ ಯೇಸುವಿನ ಆರಾಧನೆಗೆ ಚಿನ್ನ, ಬೆಳ್ಳಿ ಬಂದದ್ದು ರೋಮಿನ ಚಕ್ರವರ್ತಿಗಳು ಕ್ರೈಸ್ತರಾದ ಮೇಲೆಯೇ? ಆಗ ಯಾರೂ ಆಕ್ಷೇಪಿಸಲಿಲ್ಲವೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಹಾಗೆಂದು ಹಲವರು ನಂಬಿದ್ದಾರೆ, ಆದರೆ ದಾಖಲೆಗಳು ಬೇರೆಯೇ ಹೇಳುತ್ತವೆ. ಕ್ರಿ.ಶ. 303ರಲ್ಲಿ, ಕ್ರೈಸ್ತರ ಮೇಲೆ ದಬ್ಬಾಳಿಕೆ ನಡೆಯುತ್ತಿದ್ದಾಗ, ಉತ್ತರ ಆಫ್ರಿಕದ ಸಿರ್ತಾ ನಗರದಲ್ಲಿ (ಇಂದಿನ ಅಲ್ಜೀರಿಯದ ಕಾನ್‌ಸ್ಟಂಟೈನ್) ರೋಮನ್ ಅಧಿಕಾರಿಗಳು ಕ್ರೈಸ್ತರು ಸೇರುತ್ತಿದ್ದ ಮನೆಯನ್ನು ಜಪ್ತಿ ಮಾಡಿ ಬರೆದಿಟ್ಟ ಪಟ್ಟಿಯಲ್ಲಿ ಚಿನ್ನದ 2 ಪಾನಪಾತ್ರೆಗಳೂ ಬೆಳ್ಳಿಯ 6 ಪಾನಪಾತ್ರೆಗಳೂ ಬೆಳ್ಳಿಯ 7 ದೀಪಗಳೂ ಇವೆ. ಅದೇ ಪಟ್ಟಿಯಲ್ಲಿ ಹೆಂಗಸರ 82 ಉಡುಪುಗಳು ಮತ್ತು 47 ಜೊತೆ ಪಾದರಕ್ಷೆಗಳೂ ಸೇರಿವೆ. ಇವು ಬಡವರಿಗೆ ಹಂಚಲು ಕೂಡಿಟ್ಟವಾಗಿರಬೇಕು; ನನಗಂತೂ ಚಿನ್ನದ ಲೆಕ್ಕಕ್ಕಿಂತ ಈ ಲೆಕ್ಕವೇ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಕ್ರೈಸ್ತನಾದ ಮೊದಲ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಬದಲಾದದ್ದು ಪ್ರಮಾಣ. ರೋಮಿನ ಲ್ಯಾಟರನ್ ಬಸಿಲಿಕವೆಂಬ ದೊಡ್ಡ ಇಗರ್ಜಿಗೆ ಅವನು ಕೊಟ್ಟ ಬೆಳ್ಳಿಯ ಮಂಟಪವೊಂದೇ 2025 ರೋಮನ್ ಪೌಂಡ್, ಅಂದರೆ ಸುಮಾರು 660 ಕಿಲೋ ತೂಗುತ್ತಿತ್ತೆಂದು ಪೋಪರ ಚರಿತ್ರೆಗಳ ಹಳೆಯ ಸಂಗ್ರಹ ಹೇಳುತ್ತದೆ. ಆರನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ (ಇಂದಿನ ಇಸ್ತಾಂಬುಲ್) ಹಾಗಿಯಾ ಸೋಫಿಯಾ ಇಗರ್ಜಿಯ ಗರ್ಭಭಾಗಕ್ಕೆ 40,000 ಪೌಂಡ್ ಬೆಳ್ಳಿ ಬಳಸಲಾಗಿತ್ತೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಇಟಲಿಯ ರವೆನ್ನಾ ನಗರದ ಇಗರ್ಜಿಗಳ ಗೋಡೆಚಿತ್ರಗಳ ಹೊಂಬಣ್ಣಕ್ಕೆ ಮಾತ್ರ ಇಷ್ಟು ಲೋಹ ಬೇಕಿರಲಿಲ್ಲ. ತೆಳುವಾದ ಚಿನ್ನದ ರೇಕನ್ನು ಗಾಜಿನ ಎರಡು ಪದರಗಳ ನಡುವೆ ಕೂರಿಸಿ ಮಾಡಿದ ಚಿಕ್ಕ ಹರಳುಗಳೇ ಅಲ್ಲಿ ಮಿನುಗುವುದು.

ಆಕ್ಷೇಪಗಳು ಹೊರಗಿನವರಿಂದಲ್ಲ, ಧರ್ಮಗುರುಗಳಿಂದಲೇ ಬಂದವು. ಕ್ರಿಸ್ತನು ಹಸಿವಿನಿಂದ ಸಾಯುತ್ತಿರುವಾಗ ಅವನ ಪೀಠವನ್ನು ಚಿನ್ನದ ಬಟ್ಟಲುಗಳಿಂದ ತುಂಬಿಸಿ ಏನು ಫಲ ಎಂಬ ಅರ್ಥದಲ್ಲಿ ಪ್ರಸಿದ್ಧ ಬೋಧಕ ಜಾನ್ ಕ್ರಿಸಾಸ್ಟಮ್ ಉಪದೇಶಿಸಿದರು. ಮಿಲಾನಿನ ಬಿಷಪ್ ಆಂಬ್ರೋಸರು ಮಾತಿಗೇ ನಿಲ್ಲದೆ, 378ರ ಆಡ್ರಿಯನೋಪಲ್ ಯುದ್ಧದಲ್ಲಿ ರೋಮನ್ ಸೇನೆಯನ್ನು ಸೋಲಿಸಿದ ಗಾಥರೆಂಬ ಜರ್ಮನಿಕ್ ಜನರ ಸೆರೆಯಲ್ಲಿದ್ದವರನ್ನು ಹಣ ತೆತ್ತು ಬಿಡಿಸಲು ಪೂಜಾಪಾತ್ರೆಗಳನ್ನೇ ಕರಗಿಸಿದರು. ವಿರೋಧಿಗಳು ಇದನ್ನು ಅಪಚಾರವೆಂದು ದೂರಿದಾಗ, ಕ್ರೈಸ್ತ ಧರ್ಮಸಭೆಯ ಬಳಿ ಚಿನ್ನವಿರುವುದು ಕೂಡಿಡಲಿಕ್ಕಲ್ಲ, ಕಷ್ಟದಲ್ಲಿರುವವರಿಗೆ ವೆಚ್ಚ ಮಾಡಲಿಕ್ಕೆ ಎಂದು ಉತ್ತರಿಸಿದರು. ಮುಂದೆ ಚಕ್ರವರ್ತಿ ಜಸ್ಟೀನಿಯನನ ಕಾನೂನು ಪೂಜಾಪಾತ್ರೆಗಳ ಮಾರಾಟವನ್ನು ನಿಷೇಧಿಸಿದರೂ ಸೆರೆಯಾಳುಗಳ ಬಿಡುಗಡೆಗಾಗಿ ಮಾರುವುದಕ್ಕೆ ಅವಕಾಶವನ್ನು ಉಳಿಸಿತು.