ಗಾಳಿ ಲೈನಿನ ಫಿಟ್ಟಿಂಗ್‌ಗೆ ಟೇಪೋ, ಸೀಲೆಂಟೋ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದು ಅಕ್ಕಿ ಗಿರಣಿ. ಕಲರ್ ಸಾರ್ಟರ್‌ಗೆ (ಬಣ್ಣ ನೋಡಿ ಕೆಟ್ಟ ಅಕ್ಕಿ ಬೇರ್ಪಡಿಸುವ ಯಂತ್ರ) ಹೋಗುವ ಗಾಳಿ ಲೈನಿನ ಫಿಟ್ಟಿಂಗ್ ಬದಲಿಸಿದ ಮೇಲೆ ಕೆಟ್ಟ ಕಾಳನ್ನು ಗಾಳಿಯಿಂದ ಊದಿ ತಳ್ಳುವ ಎಜೆಕ್ಟರ್‌ಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತಿವೆ. ಬಿಚ್ಚಿದರೆ ಒಳಗೆ ಬಿಳಿ ಎಳೆ. ಏನು ಮಾಡುವುದು?

ಉತ್ತರ: ಆ ಎಳೆ ಟೆಫ್ಲಾನ್ ಟೇಪಿನ ಚೂರು. ಥ್ರೆಡ್‌ನ ತುದಿ ದಾಟುವಂತೆ ಟೇಪು ಸುತ್ತಿದರೆ ಬಿಗಿಯುವಾಗ ಅದು ಹರಿದು ಪೈಪಿನೊಳಗೆ ಬೀಳುತ್ತದೆ. ಬಿಚ್ಚಿದ ಫಿಟ್ಟಿಂಗ್‌ನ ಹಳೆಯ ಟೇಪನ್ನು ಪೂರ್ತಿ ಕೀಳದೆ ಮತ್ತೆ ಹಾಕಿದರೂ ಹೀಗೇ ಆಗುತ್ತದೆ. ಕಂಪ್ರೆಸರ್‌ನಿಂದ ಫಿಲ್ಟರ್‌ವರೆಗೆ ಬಿದ್ದ ಚೂರನ್ನು ಫಿಲ್ಟರ್ ತಡೆಯುತ್ತದೆ. ಅದರಾಚೆ ಬಿದ್ದದ್ದು ನೇರ ಎಜೆಕ್ಟರ್‌ಗೇ. ಹಾಗಾಗಿ ಫಿಲ್ಟರ್ ದಾಟಿದ ಮೇಲೆ ಟೇಪು ಬೇಡವೇ ಬೇಡ.

ಅಲ್ಲಿಗೆ ಅನೆರೋಬಿಕ್ ಸೀಲೆಂಟ್ (ಗಾಳಿಯಿಲ್ಲದೆಡೆ ಗಟ್ಟಿಯಾಗುವ ಅಂಟು) ತನ್ನಿ. ಲಾಕ್‌ಟೈಟ್ 542 ಗಾಳಿ ಮತ್ತು ಹೈಡ್ರಾಲಿಕ್ ಲೈನಿನ ಸಣ್ಣ ಥ್ರೆಡ್‌ಗೆಂದೇ ಇರುವ ದ್ರವ. ಗಾಳಿ ತಾಗದ ಕಡೆ, ಲೋಹದ ಸಂಪರ್ಕದಲ್ಲಿ ಮಾತ್ರ ಇದು ಗಟ್ಟಿಯಾಗುತ್ತದೆ. ಹೊರಗೆ ಉಳಿದದ್ದು ದ್ರವವಾಗಿಯೇ ಇರುತ್ತದೆ, ಬಟ್ಟೆಯಿಂದ ಒರೆಸಿಬಿಡಿ.

ಮೊದಲು ಲೈನಿನ ಒತ್ತಡ ಪೂರ್ತಿ ಇಳಿಸಿ. ಎರಡೂ ಕಡೆಯ ಥ್ರೆಡ್ ಅನ್ನು ತಂತಿ ಬ್ರಷ್‌ನಿಂದ ಉಜ್ಜಿ, ಅಸಿಟೋನ್‌ನಲ್ಲಿ ಎಣ್ಣೆ ತೆಗೆದು ಒಣಗಿಸಿ. ಎಣ್ಣೆ ಉಳಿದರೆ ಹಿಡಿತ ಬರುವುದಿಲ್ಲ. ಗಂಡು ಥ್ರೆಡ್‌ನ (ಹೊರಮೈಯಲ್ಲಿ ಥ್ರೆಡ್ ಇರುವ ಭಾಗ) ಮೊದಲ ಸುತ್ತನ್ನು ಖಾಲಿ ಬಿಟ್ಟು ಮುಂದಿನ ಎರಡು ಮೂರು ಸುತ್ತಿಗೆ ಸುತ್ತಲೂ ಹಚ್ಚಿ. ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಬೇಡಿ. ಹಿತ್ತಾಳೆಯಲ್ಲಿ ಬೇಗ ಹಿಡಿಯುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣ), ಸ್ಟೇನ್‌ಲೆಸ್‌ನಲ್ಲಿ ನಿಧಾನ, ಅವಸರವಿದ್ದರೆ ಬೇಗ ಹಿಡಿಯುವಂತೆ ಮಾಡುವ ಆಕ್ಟಿವೇಟರ್ ಬೇಕು. ಪೂರ್ಣ ಬಲಕ್ಕೆ 24 ಗಂಟೆ ಬಿಡಿ. ಲೈನ್ ಸೇರಿಸುವ ಮುನ್ನ ಸಾರ್ಟರ್ ಕಡೆಯ ತುದಿಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ ಭದ್ರವಾಗಿ ಕಟ್ಟಿ, ಗಾಳಿ ಬಿಟ್ಟು ಒಳಗಿರುವ ಚೂರುಗಳನ್ನು ಊದಿ ಹಾಕಿ.

ಒಂದು ಎಚ್ಚರಿಕೆ: ಈ ದ್ರವ ಎಫ್‌ಆರ್‌ಎಲ್‌ನ (ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಜೋಡಣೆ) ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲಿಗೆ ತಾಗಬಾರದು. ಆ ಬಟ್ಟಲಿನ ಪಾಲಿಕಾರ್ಬೊನೇಟ್ ಸೀಳುಬಿಡುತ್ತದೆ, ಒತ್ತಡದಲ್ಲಿರುವಾಗ ಒಡೆದರೆ ಕಣ್ಣಿಗೇ ಅಪಾಯ.

ಪ್ರಶ್ನೆ: ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ಕಾರ್ಖಾನೆ ಇದೆ. ಸಿಲಿಂಡರ್‌ನ ಕಾಲು ಇಂಚಿನ ಫಿಟ್ಟಿಂಗ್‌ಗೆ ಎಷ್ಟು ಟೇಪು ಸುತ್ತಿದರೂ ಸೋರುತ್ತದೆ.

ಉತ್ತರ: ಫಿಟ್ಟಿಂಗ್ ಮೇಲೆ ಜಿ ಎಂದಿದೆಯೋ ಆರ್ ಎಂದಿದೆಯೋ ನೋಡಿ. ಆರ್ ಎಂದರೆ ಓರೆ ಥ್ರೆಡ್, 16ಕ್ಕೆ 1ರಂತೆ ಕಿರಿದಾಗುತ್ತದೆ. ಥ್ರೆಡ್‌ನಲ್ಲೇ ಬಿಗಿಯಾಗಿ ಕೂರುವ ಇದಕ್ಕೆ ಟೇಪು ಅಥವಾ ಸೀಲೆಂಟ್ ಬೇಕು. ಜಿ ಎಂದರೆ ನೇರ ಥ್ರೆಡ್. ಅದರಲ್ಲಿ ಗಾಳಿ ತಡೆಯುವುದು ಥ್ರೆಡ್ ಅಲ್ಲ, ಕಾಲರ್ ಕೆಳಗಿನ ಓ-ರಿಂಗ್ ಅಥವಾ ರಬ್ಬರ್ ಅಂಟಿಸಿದ ವಾಷರ್. ವಾಷರ್ ಇಲ್ಲದೆ ಟೇಪಿನ ಮೇಲೆ ಟೇಪು ಸುತ್ತಿ ಬಿಗಿಯುತ್ತಾ ಹೋದರೆ ಅಲ್ಯೂಮಿನಿಯಂ ಸಿಲಿಂಡರ್‌ನ ಪೋರ್ಟ್ ಸೀಳುತ್ತದೆ, ಆಮೇಲೆ ಸಿಲಿಂಡರ್‌ನ ತಲೆಯನ್ನೇ ಬದಲಿಸಬೇಕು. ಹೊಸ ವಾಷರ್ ಹಾಕಿ ನೋಡಿ.

ಜಿ, ಆರ್ ಎರಡೂ ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಥ್ರೆಡ್. ವಿದೇಶಿ ಯಂತ್ರವಾದರೆ ಅಮೆರಿಕದ ಅಳತೆಯ ಎನ್‌ಪಿಟಿ ಕೂಡ ಇರಬಹುದು. ಕಾಲು ಇಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಥ್ರೆಡ್, ಎನ್‌ಪಿಟಿಗೆ 18. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಒಂದೆರಡು ಸುತ್ತಿನಲ್ಲೇ ಕಚ್ಚಿಕೊಳ್ಳುತ್ತದೆ. ಅರ್ಧ ಇಂಚಿನಲ್ಲಿ ಎರಡಕ್ಕೂ 14, ಅದಕ್ಕೇ ಮೋಸಹೋಗುವುದು ಸುಲಭ. ಥ್ರೆಡ್ ಹಲ್ಲಿನ ಕೋನ ಮಾತ್ರ ಬೇರೆ: ಬಿಎಸ್‌ಪಿಗೆ 55, ಎನ್‌ಪಿಟಿಗೆ 60 ಡಿಗ್ರಿ. ಥ್ರೆಡ್ ಅಳೆಯುವ ಪಿಚ್ ಗೇಜ್ ಇಟ್ಟು ನೋಡಿ.

ಪ್ರಶ್ನೆ: ಕಂಪ್ರೆಸರ್ ಟ್ಯಾಂಕಿನ ಬಳಿ ಟೇಪು ಎಷ್ಟು ಸುತ್ತಬೇಕು? ನಾರು, ಅದರ ಮೇಲೆ ಹಚ್ಚುವ ಬಿಳಿ ಪೇಸ್ಟ್ ಸಫೇದ ಆಗದೇ?

ಉತ್ತರ: ತೆಳು ಬಿಳಿ ಟೇಪು ಎರಡು ಮೂರು ಸುತ್ತು ಸಾಕು. ಥ್ರೆಡ್‌ನ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಎಳೆದು ಹಿಡಿದು, ಮೊದಲ ಎರಡು ಥ್ರೆಡ್ ಬಿಟ್ಟು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ನಾರು ನೀರಿನ ಪೈಪಿಗೆ ಸರಿ, ಒದ್ದೆಯಲ್ಲಿ ಉಬ್ಬಿ ಸಂದು ಮುಚ್ಚುತ್ತದೆ; ಒಣಗಾಳಿಯಲ್ಲಿ ಕುಗ್ಗಿ ಸೋರುತ್ತದೆ. ಕೆಲಸ ಮುಗಿದ ಮೇಲೆ ಸೋಪಿನ ನೊರೆ ಹಚ್ಚಿ ಪ್ರತಿ ಜೋಡಣೆ ನೋಡಿ. 7 ಬಾರ್ ಒತ್ತಡದಲ್ಲಿ ಬರೀ 1 ಮಿ.ಮೀ. ತೂತಿನಿಂದ ಸೆಕೆಂಡಿಗೆ ಸುಮಾರು 1 ಲೀಟರ್ ಗಾಳಿ ಹೋಗುತ್ತದೆ, ಮೋಟಾರ್ ಅದಕ್ಕಾಗಿ ಹಗಲೂ ರಾತ್ರಿ ಓಡಬೇಕಾಗುತ್ತದೆ.