ಗಡ್ಡೆಯಲ್ಲಿ ಟಿಪಿ53 ಮ್ಯುಟೇಶನ್ ಇದೆ ಅಂದರೆ ಮಕ್ಕಳಿಗೂ ಬರುತ್ತಾ?

ನಿಮ್ಮ ತಾಯಿಯ ಮೇಲಿನ ರೆಪ್ಪೆಯ ಗಂಟು ತೆಗೆಸಿದ್ದೀರಿ. ಬಯಾಪ್ಸಿಯಲ್ಲಿ ಸೆಬೇಶಿಯಸ್ ಕಾರ್ಸಿನೋಮಾ, ಅಂದರೆ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಅಂತ ಬಂದಿದೆ. ಜೀನ್ ರಿಪೋರ್ಟಿನಲ್ಲಿ ಟಿಪಿ53, ಆರ್‌ಬಿ1 ಮ್ಯುಟೇಶನ್, ಅಂದರೆ ಜೀನಿನಲ್ಲಾದ ಬದಲಾವಣೆ, ಅಂತ ಬರೆದಿದೆ. ನಿಮಗೂ ನಿಮ್ಮ ಮಗಳಿಗೂ ಇದು ಬರುತ್ತಾ ಅಂತ ಕೇಳಿದ್ದೀರಿ.

ಆ ರಿಪೋರ್ಟ್ ಒಂದನ್ನೇ ನೋಡಿ ಹೆದರಬೇಡಿ. ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆಯವರು ಜಾಸ್ತಿ ಕೇಳುವುದು ಇದನ್ನೇ.

ಲ್ಯಾಬಿನವರು ಪರೀಕ್ಷೆ ಮಾಡಿದ್ದು ಗಡ್ಡೆಯ ತುಣುಕನ್ನು. ಅದರಲ್ಲಿ ಕಂಡ ಮ್ಯುಟೇಶನ್ ಸಾಮಾನ್ಯವಾಗಿ ಆ ಜಾಗದ ಜೀವಕೋಶಗಳಲ್ಲಿ, ವಯಸ್ಸಾಗುತ್ತಾ ಆದದ್ದು. ಅಂಥದ್ದು ಮಕ್ಕಳಿಗೆ ದಾಟುವುದಿಲ್ಲ. ಟಿಪಿ53, ಆರ್‌ಬಿ1 ಎರಡೂ ಕೋಶಗಳು ಮಿತಿಮೀರಿ ಹೆಚ್ಚದಂತೆ ತಡೆಯುವ ಜೀನ್‌ಗಳು. ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರಿನಲ್ಲಿ ಇವು ಕೆಟ್ಟಿರುವುದು ತುಂಬಾ ಸಾಮಾನ್ಯ. ರೆಪ್ಪೆಗೆ ಬರುವ ಇನ್ನೊಂದು ಕ್ಯಾನ್ಸರ್, ಬೇಸಲ್ ಸೆಲ್ ಕಾರ್ಸಿನೋಮಾದಲ್ಲಿ ಹೆಚ್ಚಾಗಿ ಪಿಟಿಸಿಎಚ್1 ಅನ್ನುವ ಜೀನ್ ಕೆಟ್ಟಿರುತ್ತದೆ. ಅದು ಕೆಟ್ಟಾಗ ಗಡ್ಡೆ ಬೆಳೆಯುವ ದಾರಿಯನ್ನೇ ತಡೆಯುವ ವಿಸ್ಮೊಡೆಗಿಬ್ ಮಾತ್ರೆಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ತಾಯಿಯದು ಬೇರೆ ಜಾತಿಯ ಗಡ್ಡೆ, ಹಾಗಾಗಿ ಆ ಮಾತ್ರೆಯ ಬಗ್ಗೆ ಎಲ್ಲಾದರೂ ಓದಿದ್ದರೆ ಅದು ಇವರಿಗಲ್ಲ.

ಮ್ಯುಟೇಶನ್ ಅಂದ ಕೂಡಲೇ ಕ್ಯಾನ್ಸರ್ ಅಂದುಕೊಳ್ಳುವವರಿಗೆ ನಾನು ತಪ್ಪದೆ ಹೇಳುವ ಒಂದು ಅಧ್ಯಯನ ಇದೆ. ರೆಪ್ಪೆ ಜೋತುಬಿದ್ದು ಆಪರೇಷನ್ ಮಾಡಿಸಿಕೊಂಡ ನಾಲ್ವರ ಹೆಚ್ಚುವರಿ ಚರ್ಮವನ್ನು ತೆಗೆದುಕೊಂಡು ಅದರ ಜೀನ್‌ಗಳನ್ನು ಓದಿದರು. 2015ರಲ್ಲಿ ಫಲಿತಾಂಶ ಬಂತು. ಯಾರಿಗೂ ಅಲ್ಲಿ ಕ್ಯಾನ್ಸರ್ ಇರಲಿಲ್ಲ. ಆದರೂ ಸುಮಾರು ಕಾಲು ಭಾಗ ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡುವಂಥ ಮ್ಯುಟೇಶನ್ ಇತ್ತು, ನಾಚ್1, ಟಿಪಿ53 ಎಲ್ಲಾ ಸೇರಿ! ಬಿಸಿಲು ಬಿದ್ದ ಗುರುತೂ ಅವುಗಳಲ್ಲಿ ಎದ್ದು ಕಾಣುತ್ತಿತ್ತು. ಮಾಮೂಲಿ ಚರ್ಮ ಇಷ್ಟನ್ನು ಹೊತ್ತುಕೊಂಡೂ ತನ್ನ ಕೆಲಸ ಮಾಡಿಕೊಂಡಿರುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಹಾಗಂತ ಮನೆತನದ ಪ್ರಶ್ನೆಯನ್ನು ಸುಮ್ನೆ ಬಿಡುವಂತಿಲ್ಲ. ಎಣ್ಣೆ ಗ್ರಂಥಿಯ ಗಡ್ಡೆ ಕೆಲವೊಮ್ಮೆ ಮ್ಯೂರ್-ಟೊರ್ರೆ ಸಿಂಡ್ರೋಮ್‌ನ ಸುಳಿವಾಗಿರುತ್ತದೆ. ಇದು ಮನೆತನದಲ್ಲಿ ದಾಟಿಬರುವ ಲಿಂಚ್ ಸಿಂಡ್ರೋಮಿನ ಒಂದು ರೂಪ. ಇಲ್ಲಿ ಹುಟ್ಟಿನಿಂದಲೇ ಕೆಟ್ಟಿರುವುದು ಡಿಎನ್‌ಎ ತಪ್ಪು ತಿದ್ದುವ ಜೀನ್‌ಗಳು, ಹೆಚ್ಚಾಗಿ ಎಂಎಸ್‌ಎಚ್2. ಅಂಥವರಿಗೆ ದೊಡ್ಡ ಕರುಳು, ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ರೆಪ್ಪೆಯ ಗಡ್ಡೆಗಳಲ್ಲಿ ಇದು ಮೈಯ ಬೇರೆ ಕಡೆಯ ಗಡ್ಡೆಗಳಿಗಿಂತ ಅಪರೂಪ. ಆದರೂ ಕೇಳಿಬಿಡಿ: ಎಂಎಂಆರ್ ಸ್ಟೇನಿಂಗ್, ಅಂದರೆ ಆ ತಪ್ಪು ತಿದ್ದುವ ಜೀನ್‌ಗಳ ಪ್ರೋಟೀನ್ ಗಡ್ಡೆಯಲ್ಲಿ ಇದೆಯಾ ಅಂತ ಬಣ್ಣ ಹಾಕಿ ನೋಡುವ ಪರೀಕ್ಷೆ, ಮಾಡಿದ್ದೀರಾ? ಮಾಡದಿದ್ದರೆ ಅದೇ ಬಯಾಪ್ಸಿ ಬ್ಲಾಕಿನಲ್ಲಿ, ಅಂದರೆ ಲ್ಯಾಬಿನಲ್ಲಿ ಇಟ್ಟಿರುವ ಗಡ್ಡೆಯ ತುಣುಕಿನಲ್ಲಿ, ಮಾಡಬಹುದು, ತಾಯಿಗೆ ಮತ್ತೆ ಚುಚ್ಚುವುದು ಬೇಡ. ಅದರಲ್ಲಿ ಆ ಪ್ರೋಟೀನ್ ಕಾಣದೇ ಹೋದರೆ, ಅಥವಾ ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದವರಿದ್ದರೆ, ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ತಾಯಿಯ ರಕ್ತ ಪರೀಕ್ಷೆ ಆಗಲಿ. ನಿಮ್ಮದು, ಮಗಳದು ಆಮೇಲಿನ ಮಾತು.

ತಾಯಿಯ ಫಾಲೋಅಪ್ ಮಾತ್ರ ತಪ್ಪಿಸಬೇಡಿ. ಈ ಕ್ಯಾನ್ಸರ್ ಮಾಮೂಲಿ ಕುರುವಿನಂತೆ, ಇಲ್ಲವೇ ವಾಸಿಯಾಗದ ಕಣ್ಣಿನ ಉರಿಯೂತದಂತೆ ಕಾಣಿಸಿಕೊಂಡು ಮೋಸ ಮಾಡುತ್ತದೆ. ಅದೇ ಜಾಗದಲ್ಲಿ ಮತ್ತೆ ಗಂಟು ಬಂದರೆ, ಅಲ್ಲಿ ರೆಪ್ಪೆಗೂದಲು ಉದುರಿದರೆ, ಕಿವಿಯ ಮುಂದೆ ಅಥವಾ ಕುತ್ತಿಗೆಯಲ್ಲಿ ಗಡ್ಡೆ ಕೈಗೆ ಸಿಕ್ಕರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಕರೆದುಕೊಂಡು ಹೋಗಿ.